ಊಟದ ಹಾಲ್‌ನಲ್ಲಿ ಬರೆದ ಯುದ್ಧ

ತರೀಕೆರೆಯ ಒಂದು ಸಮುದಾಯ ಭವನದಲ್ಲಿ ಜನ ಇವತ್ತಿಗೂ ಪಾಯಸ ಉಣ್ಣುತ್ತಾ ರಾಜನ ತಲೆ ಕಡಿಯುವುದನ್ನು ನೋಡುತ್ತಾರೆ. ಹದಿನಾರನೇ ಶತಮಾನದ ಯುದ್ಧ, ಹಂಪೆ ಹಾಳಾಗಲು ಕಾರಣವಾದದ್ದು, ಕೈ ತೊಳೆಯುವ ನಲ್ಲಿಗಳಿಂದ ಹಿಡಿದು ಅಡುಗೆಮನೆ ಬಾಗಿಲಿನವರೆಗೆ ಊಟದ ಹಾಲ್‌ನ ಗೋಡೆ ತುಂಬ ಚಿತ್ರವಾಗಿದೆ. ಅದನ್ನು ಬರೆದ ಇಬ್ಬರಲ್ಲಿ ನಾನೊಬ್ಬ. ಅನ್ನ ಉಣ್ಣುವ ಜಾಗಕ್ಕೆ ರಕ್ತ ಬೇಕೆಂದು ಹೊಳೆದದ್ದು ನನಗಲ್ಲ, ಭವನದ ಅಧ್ಯಕ್ಷರಿಗೆ.

ಅಧ್ಯಕ್ಷರು ಸಿಮೆಂಟು ಮಾರುವವರು. ಇತಿಹಾಸ ಓದಿದ್ದೆಲ್ಲ ಮೊಬೈಲಿನಲ್ಲಿ. ಶತ್ರು ಸೈನಿಕರಿಗೆ ಕಾಡಿಗೆ ಹಚ್ಚಿದ ಕಣ್ಣು ಬೇಕು, ಕೆಂಪು ಹಲ್ಲು ಬೇಕು, ಕೈಯಲ್ಲಿ ಹಸಿರು ಬಾವುಟ ಬೇಕು ಎಂದು ಬೆರಳು ಮಡಚುತ್ತಾ ಹೇಳಿದರು. ನಾನು ಅಲ್ಲಿ ಇಲ್ಲಿ ಓದಿಕೊಂಡಿದ್ದೆ. ಆ ಯುದ್ಧದಲ್ಲಿ ರಾಯರ ಪಡೆಯಲ್ಲೂ ಮುಸ್ಲಿಂ ಸರದಾರರಿದ್ದರು, ಸುಲ್ತಾನರ ಪಡೆಯಲ್ಲೂ ಹಿಂದೂ ಸವಾರರಿದ್ದರು ಎಂದು ಮೆಲ್ಲಗೆ ಅಂದೆ.

"ಅದೆಲ್ಲ ಪುಸ್ತಕದಲ್ಲಿರ್ಲಿ ಕಣ್ರೀ," ಅಂದರು. "ಗೋಡೆ ಮೇಲೆ ನಮ್ಮೋರು ಯಾರು, ಅವ್ರು ಯಾರು ಅಂತ ಚಿಕ್ಕ ಮಗೂಗೂ ಗೊತ್ತಾಗ್ಬೇಕು."

ಸಮಿತಿಯವರು ತಲೆಯಾಡಿಸಿದರು. ತಲೆಯಾಡಿಸುವುದು ಬಿಟ್ಟರೆ ಆ ತಲೆಗಳಿಂದ ಬೇರೆ ಕೆಲಸ ಆದದ್ದನ್ನು ನಾನು ಕಂಡಿಲ್ಲ. ನಾನೂ ಬಾಯಿ ಮುಚ್ಚಿಕೊಂಡೆ. ಫ್ಲೆಕ್ಸ್ ಬಂದ ಮೇಲೆ ನಮ್ಮಂಥವರಿಗೆ ಗೋಡೆ ಸಿಗುವುದೇ ಅಪರೂಪ. ಸಿಕ್ಕಿದ ಗೋಡೆಯನ್ನು ಇತಿಹಾಸಕ್ಕಾಗಿ ಬಿಟ್ಟುಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ.

ನನ್ನ ಜೊತೆಗಾರ ಅಜ್ಜಂಪುರದವನು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತಾನೆ, ಬೇಲಿ ದಾಟಿದರೆ ನನಗಿಂತ ಒಳ್ಳೆಯ ಕನ್ನಡ. ಮೂವತ್ತು ವರ್ಷ ಒಂದೇ ಡಬ್ಬಿಯಲ್ಲಿ ಬ್ರಷ್ ಅದ್ದಿದವರು ನಾವು. ಹುಡುಗರಾಗಿದ್ದಾಗ ಎಮ್ಮೆದೊಡ್ಡಿ ಕಾವಲಿನ ಹುಲ್ಲಿನಲ್ಲಿ ಕೂತು, ಅಲ್ಲಿ ಮೇಯುವ ಅಮೃತಮಹಲ್ ಹೋರಿಗಳನ್ನು ನೋಡಿ ನೋಡಿ ಕೈ ಪಳಗಿಸಿಕೊಂಡೆವು. ಮುಖ ಬರೆಯಲು ನಮ್ಮದೊಂದು ಪದ್ಧತಿಯಿತ್ತು: ನನ್ನ ಎದುರಿಗೆ ಅವನು, ಅವನ ಎದುರಿಗೆ ನಾನು. ಫೋಟೋ ನೋಡಿ ಬರೆದರೆ ಮುಖಕ್ಕೆ ಜೀವ ಬರುವುದಿಲ್ಲ ಎಂಬುದು ಅವನ ಹಟ. ಹಾಗಾಗಿ ಕಡೂರಿನ ಎರಡು ದೇವಸ್ಥಾನಗಳಲ್ಲಿ ಅವನು ಬರೆದ ದೇವರಿಗೆ ನನ್ನ ಮೂಗಿದೆ. ನಾನು ಬರೆದ ರಾಜರಿಗೆಲ್ಲ ಅವನ ಮೀಸೆ. ಆ ಮೀಸೆಗೆ ಕೈ ಮುಗಿದವರ ಪಟ್ಟಿ ಮಾಡಿದರೆ ಅರ್ಧ ತಾಲ್ಲೂಕು ಸ್ನಾನಕ್ಕೆ ಓಡಬೇಕಾಗುತ್ತದೆ.

ತರೀಕೆರೆಯಲ್ಲೂ ಗೋಡೆ ಹಂಚಿಕೊಂಡೆವು. ಬಲಗಡೆಯ ಆನೆ, ಅಂಬಾರಿ, ರಾಜ ನನಗೆ. ಎಡಗಡೆಯ ಶತ್ರುಸೈನ್ಯ ಅವನಿಗೆ. ಹಾಗೆ ಹಂಚಿದವನು ನಾನೇ. ಆಗ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅವನ ಕೈ ನನಗಿಂತ ಚುರುಕು, ಗುಂಪು ಬೇಗ ಮುಗಿಸುತ್ತಾನೆ ಎಂದುಕೊಂಡೆ.

ಮೂರನೇ ದಿನ ಅಧ್ಯಕ್ಷರು ಬಂದು ನೋಡಿದರೆ ಅವನು ಬರೆದ ಸೈನಿಕರು ಸುಸ್ತಾದ ಮನುಷ್ಯರ ಹಾಗಿದ್ದರು. ಒಬ್ಬ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಅಧ್ಯಕ್ಷರು ಅವನನ್ನು ಮಾತಾಡಿಸಲಿಲ್ಲ. ನನ್ನನ್ನು ಆಚೆ ಕರೆದು, ಇವನ ಕೈಲಿ ಆಗದಿದ್ದರೆ ಶಿವಮೊಗ್ಗದಿಂದ ಬೇರೆಯವರನ್ನು ಕರೆಸುತ್ತೇವೆ ಅಂದರು. ಒಳಗೆ ಬಂದು ಹೇಳಿದೆ. ಅವನು ಬಿದಿರಿನ ಸಾರವೆಯ ಮೇಲಿಂದ ಕೇಳಿದ್ದು ಒಂದೇ ಮಾತು.

"ಇದನ್ನ ನಾನೇ ಬರೀಬೇಕೇನೋ?"

ಆ ರಾಕ್ಷಸ ಮುಖಗಳನ್ನು ನಾನು ಬರೆದು ಅವನಿಗೆ ಆನೆ ಬಿಟ್ಟುಕೊಡಬಹುದಿತ್ತು. ಡಬ್ಬಿ ಎತ್ತಿಕೊಂಡು ಇಬ್ಬರೂ ಬಸ್ಸು ಹತ್ತಬಹುದಿತ್ತು. ಗೋಡೆ ಕೈತಪ್ಪುತ್ತದೆಂಬ ಭಯದಲ್ಲಿ ನಾನು ಏಣಿಯ ಬುಡದಲ್ಲಿ ನಿಂತು, ಸಮಿತಿಯವರಿಗೆ ಕೇಳಿಸುವ ಹಾಗೆ, ಗಂಟಲು ಹರಿಯುವಂತೆ ಕೂಗಿದೆ. "ಹೇಳ್ದಷ್ಟು ಬರಿಯೋ ಲೇ. ಅವ್ರ ಯುದ್ಧ ಕಟ್ಕೊಂಡು ನಿಂಗೇನಾಗ್ಬೇಕು?"

ಅವನು ಬಗ್ಗಿ ನನ್ನ ಮುಖವನ್ನೇ ನೋಡಿದ. ಆಮೇಲೆ ಬೆವರು ಒರೆಸಿಕೊಳ್ಳುವವನ ಮೇಲೆ ಬಿಳಿ ಬಣ್ಣ ಬಳಿದ. ಎರಡೇ ದಿನದಲ್ಲಿ ಅವನ ಭಾಗ ಮುಗಿಯಿತು.

ಉದ್ಘಾಟನೆಯ ದಿನ ಸಮಿತಿಯವರು ನಾನು ಬರೆದ ಅಂಬಾರಿಯ ರಾಜನಿಗೆ ಹಾರ ಹಾಕಿ ಕರ್ಪೂರ ಬೆಳಗಿದರು. ಅಧ್ಯಕ್ಷರ ಕಣ್ಣಲ್ಲಿ ನೀರು. ಅಜ್ಜಂಪುರದ ಮೀಸೆಗೆ ಆರತಿ ಎತ್ತುತ್ತಿದ್ದಾರೆಂದು ಗೊತ್ತಿದ್ದವನು ನಾನೊಬ್ಬನೇ. ಒಳಗೊಳಗೇ ಹೊಟ್ಟೆ ತುಂಬ ನಕ್ಕೆ. ಜೊತೆಗಾರ ಬಂದಿರಲಿಲ್ಲ. ಕೆಲಸವಿರಬೇಕು ಅಂದುಕೊಂಡೆ.

ಎರಡು ತಿಂಗಳ ಮೇಲೆ ಅದೇ ಭವನದಲ್ಲಿ ಒಂದು ಮದುವೆ. ನನ್ನ ಎದುರು ಸಾಲಿನಲ್ಲಿ ಚೌಳಹಿರಿಯೂರಿನ ಒಬ್ಬ ಅಜ್ಜಿ ಊಟಕ್ಕೆ ಕೂತಿದ್ದಳು. ಅನ್ನ ಕಲೆಸುವುದು ಬಿಟ್ಟು ನನ್ನ ಹಿಂದಿನ ಗೋಡೆಯನ್ನೇ ನೋಡುತ್ತಿದ್ದವಳು, ಕುದುರೆಗೆ ಎಲ್ಲಾದರೂ ಸೀಳು ಗೊರಸು ಇರುತ್ತದೆಯೇ ಎಂದು ಪಕ್ಕದವಳನ್ನು ಕೇಳಿದಳು. ತಿರುಗಿ ನೋಡಿದೆ. ನಿಜ. ಅಷ್ಟೂ ಕುದುರೆಗಳಿಗೆ ಕಾವಲಿನ ಹೋರಿಯ ಕಾಲು. ಕುದುರೆಯನ್ನು ಹತ್ತಿರದಿಂದ ಕಂಡವರೇ ಅಲ್ಲ ನಾವು. ವಾರ ವಾರ ಅಲ್ಲಿ ಸಭೆ ನಡೆಸುವ, ಇತಿಹಾಸ ಕಾಯುವ ಸಮಿತಿಯ ಒಂಬತ್ತು ಮಂದಿಗೆ ಅದು ಕಂಡಿರಲಿಲ್ಲ. ಮತ್ತೆ ನಗು ಬಂತು. ಅಷ್ಟರಲ್ಲಿ ಅಜ್ಜಿ ನನ್ನ ಮುಖವನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿದಳು.

"ಕತ್ತಿ ಹಿಡ್ಕೊಂಡಿರೋನು ನೀನೇ ಅಲ್ವೇನಪ್ಪಾ?"

ಜೊತೆಗಾರ ಬರೆದ ಎಡಗಡೆಯಲ್ಲಿ, ಸೆರೆಸಿಕ್ಕ ರಾಜನ ಕೂದಲು ಹಿಡಿದು ಕತ್ತಿ ಎತ್ತಿದವನು ನಾನೇ. ಕಾಡಿಗೆ, ಕೆಂಪು ಹಲ್ಲು, ಪೇಟ ಎಲ್ಲ ಅಧ್ಯಕ್ಷರು ಹೇಳಿದಂತೆಯೇ ಇತ್ತು. ಅದರೊಳಗೆ ನನ್ನ ಮೂಗು, ನನ್ನ ಕತ್ತಿನ ನರ, ನನ್ನ ತೆರೆದ ಬಾಯಿ. ಕೆಲಸ ಮಾಡುವಾಗ ನಾನು ನೋಡಿದ್ದೆ, ಗುರುತು ಹತ್ತಿರಲಿಲ್ಲ. ಕೂಗುವಾಗ ನನ್ನ ಮುಖ ಹೇಗಿರುತ್ತದೆಂದು ನಾನು ಯಾವತ್ತೂ ಕಂಡವನಲ್ಲ. ಎಲೆ ಮಡಚಿ ಎದ್ದುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆಯೇ ಕಡೂರಿನಿಂದ ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. ಅವನು ಲಾರಿಯೊಂದರ ಹಿಂಬದಿಗೆ ಹೂವಿನ ಬಳ್ಳಿ ಬರೆಯುತ್ತಿದ್ದ. ನನ್ನ ಮೇಲೆ ಸೇಡು ತೀರಿಸಿಕೊಂಡೆಯಾ ಎಂದು ಕೇಳಿದೆ. ಅವನು ಬ್ರಷ್ ಕೆಳಗಿಡಲಿಲ್ಲ.

"ಸೇಡೂ ಇಲ್ಲ, ಪಾಡೂ ಇಲ್ಲ. ಆವತ್ತು ನಿನ್ ಮುಖ ಹಂಗೇ ಇತ್ತು ಕಣೋ. ಇದ್ದಂಗೆ ಬರ್ದೆ."

ಚಹಾ ತರಿಸಿಕೊಟ್ಟ, ಕುಡಿದು ಬಂದೆ. ಆ ಮುಖವನ್ನಾದರೂ ಬದಲಿಸುತ್ತೇನೆಂದು ಅಧ್ಯಕ್ಷರನ್ನು ಕೇಳಿದರೆ, ಗೋಡೆಗೆಲ್ಲ ಅದೇ ಚೆನ್ನಾಗಿ ಬಂದಿರುವುದು, ಮುಟ್ಟಬೇಡಿ ಅಂದರು. ಆ ಮನುಷ್ಯ ಹುಟ್ಟಿದಾಗಿನಿಂದ ಆಡಿದ ಒಂದೇ ಸರಿಯಾದ ಮಾತು ಅದು.

ಅಜ್ಜಂಪುರದವನು ಮತ್ತೆ ನನ್ನ ಜೊತೆ ಕೆಲಸಕ್ಕೆ ಬರಲಿಲ್ಲ. ಈ ವರ್ಷ ಬೀರೂರಿನಲ್ಲಿ ಗುಡಿಯ ಗೋಡೆಯೊಂದು ಸಿಕ್ಕಿತು. ಎದುರಿಗೆ ಕೂರುವವರಿಲ್ಲ, ಕನ್ನಡಿ ಇಟ್ಟುಕೊಂಡು ದೇವರ ಮುಖ ಬರೆಯಲು ಕೂತೆ. ಮೂರು ಸಲ ಬರೆದೆ, ಮೂರು ಸಲವೂ ಕತ್ತಿ ಹಿಡಿದವನ ಮುಖವೇ ಬಂತು, ಸುಣ್ಣ ಹೊಡೆದು ಅಳಿಸಿದೆ.