ಆತ್ಯಾಳ ತಳಿಕೋಳಿಗಳು

ರವಿವಾರ ಪೇಟೆಯ ಅಂಗಡಿಯಲ್ಲಿ ಶೇಂಗಾ ಹಿಂಡಿಯ ಚೀಲ ಬಿಚ್ಚಿದಾಗ ಏಳುವ ಎಣ್ಣೆಗಂಪಿಗೆ ನಾನು ಇವತ್ತಿಗೂ ಕಾಲು ಕಿತ್ತಿಡದೆ ನಿಂತುಬಿಡುತ್ತೇನೆ. ಖಾನಾಪುರದ ನಮ್ಮ ಮನೆ ಈಗಿಲ್ಲ. ಆ ಜಾಗದಲ್ಲಿ ಅಂಗಡಿಗಳ ಸಾಲು ಎದ್ದಿದೆ. ಆಗ ಅಲ್ಲಿ ಹಿತ್ತಲ ತುಂಬ ಕೋಳಿಗಳ ಜಾಲರಿ ಗೂಡುಗಳಿದ್ದವು. ಅಪ್ಪನ ತಂಗಿ, ನಮ್ಮ ಆತ್ಯಾ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಯಾರ ಹಂಗೂ ಬೇಡವೆಂದು ಕೋಳಿ ಸಾಕಿದ್ದಳು. ತಿನ್ನುವ ತತ್ತಿಗಲ್ಲ, ಮರಿ ಮಾಡಿಸುವ ತತ್ತಿಗೆ. ಸುತ್ತಲಿನ ಹಳ್ಳಿಯ ಹೆಂಗಸರು ಅವನ್ನು ಒಯ್ದು ತಮ್ಮ ಕಾವುಕೋಳಿಯ ಕೆಳಗಿಡುತ್ತಿದ್ದರು.

ಅಜ್ಜಿಯನ್ನು, ಅಂದರೆ ಆತ್ಯಾಳ ತಾಯಿಯನ್ನು, ಮನೆಯವರೆಲ್ಲ ಆಯಿ ಎನ್ನುತ್ತಿದ್ದೆವು. ಬಂದವರಿಗೆ ಮತ್ತೊಮ್ಮೆ ಬಡಿಸದೆ ಏಳಗೊಟ್ಟವಳಲ್ಲ ಆಕೆ. ಕೋಳಿಗಳಿಗೂ ಹಾಗೆಯೇ: ಹೊತ್ತಿಲ್ಲ, ಗೊತ್ತಿಲ್ಲ, ಗೋವಿನಜೋಳ, ಅನ್ನ, ಭಾಕ್ರಿಯ ಚೂರು. ಅವು ಗುಂಡಗೆ ಮಿರುಗುತ್ತಿದ್ದವು, ನೋಡಿದವರೆಲ್ಲ ಹೊಗಳುತ್ತಿದ್ದರು. ಆದರೆ ತತ್ತಿ ಕಡಿಮೆಯಾಗುತ್ತ ಬಂತು. ಹುಂಜಗಳು ಮೈಭಾರಕ್ಕೆ ನೆರಳು ಬಿಟ್ಟು ಏಳದಾದವು. ಒಂದು ದಿನ ಹಳ್ಳಿಯ ಹೆಂಗಸೊಬ್ಬಳು ತತ್ತಿಯ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, “ಒಂದೂ ಮರಿ ಆಗ್ಲಿಲ್ರೀ ಅಕ್ಕಾ, ಎಲ್ಲಾ ಜಳ್ಳ ಅದಾವ,” ಎಂದಳು. ಆತ್ಯಾಳ ಮುಖ ಇಳಿದುಹೋಯಿತು. ಅದೇ ಬೇಸಿಗೆಯಲ್ಲಿ ತತ್ತಿ ಇಡಲಾರದೆ ತಿಣುಕಿ ಒಂದು ಹೇಂಟೆ ಸತ್ತಿತು. ಅದನ್ನು ಸೀಳಿ, ಕರುಳ ಸುತ್ತ ಗಟ್ಟಿಯಾಗಿ ಕೂತಿದ್ದ ಹಳದಿ ಕೊಬ್ಬನ್ನು ಆತ್ಯಾ ಆಯಿಗೆ ತೋರಿಸಿದಳು.

“ನೋಡ ಆಯಿ, ತತ್ತಿ ಬರೂ ದಾರೀನ ಮುಚ್ಚೇತಿ. ನಾಳಿಂದ ಅಳದ ಹಾಕೂದು.”

“ಹಸದ ಕೋಳಿ ಒದರೂದು ಕೇಳಿದ್ರ ನನಗ ತುತ್ತ ಇಳಿಯೂದಿಲ್ಲ,” ಎಂದಳು ಆಯಿ.

“ಹಂಗಾರ ನೀನ ಹಾಕು. ಆದ್ರ ನಾ ಹೇಳಿದಷ್ಟ.”

ಆವತ್ತು ಆಯಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ತಾನೇ ಅಳತೆಯ ತಗಡಿನ ಡಬ್ಬಿ ಹಿಡಿದು ಹಿತ್ತಲಿಗೆ ನಡೆದಳು. ಒಡೆದ ಜೋಳ, ಹಿಂಡಿ, ಒಣಮೀನಿನ ಪುಡಿ. ಸಂಜೆಗೆ ನುಗ್ಗೆಸೊಪ್ಪು, ಚಿಪ್ಪಿನ ಪುಡಿ. ಹುಂಜಗಳಿಗೆ ಬೇರೆ ತಟ್ಟೆ. ಕೋಳಿಗಳು ಇನ್ನಷ್ಟು ಬೇಕೆಂದು ಕಾಲು ಮುತ್ತಿದರೆ, ಸೆರಗಿನಿಂದ ಕಿವಿ ಮುಚ್ಚಿಕೊಂಡು ಒಳಗೆ ಬರುತ್ತಿದ್ದಳು. ಆದರೆ ಒಂದು ಹಿಡಿ ಹೆಚ್ಚು ಹಾಕಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಕೋಳಿಗಳ ಮೈ ಹಗುರವಾಯಿತು, ಗೂಡುಗಳಲ್ಲಿ ತತ್ತಿ ಕಾಣತೊಡಗಿದವು. ಅದೇ ಹೆಂಗಸು ಬುಟ್ಟಿ ತುಂಬ ಚಿಲಿಪಿಲಿ ಹೊತ್ತು ಬಂದಾಗ ಆಯಿ ಒಂದು ಮರಿಯನ್ನು ಕೆನ್ನೆಗೆ ಒತ್ತಿಕೊಂಡಳು.

ಕೆಲವು ವರ್ಷಗಳ ಮೇಲೆ, ಒಂದು ಬೆಳಗಿನ ಜಾವ ಆಯಿ ತೀರಿಕೊಂಡಳು. ಪಡಸಾಲೆಯಲ್ಲಿ ಅಳುವ ಜನ. ಹಿತ್ತಲಲ್ಲಿ ಕೋಳಿಗಳ ಒದರಾಟ. ಆತ್ಯಾ ಹೆಣದ ಪಕ್ಕದಿಂದೆದ್ದು ಹೋದಳು. ನಾನು ಹಿಂದೆ ಹೋದೆ. ಬೇಲಿಯಾಚೆಯಿಂದ ನೆರೆಮನೆಯಾಕೆ, “ಇವತ್ತರ ಹೊಟ್ಟಿ ತುಂಬ ಹಾಕವ್ವಾ, ಪಾಪ,” ಎಂದಳು. ಆತ್ಯಾ ಡಬ್ಬಿಯ ಬಾಯಿಯನ್ನು ಅಂಗೈಯಿಂದ ಸವರಿ ಮಟ್ಟ ಮಾಡಿದಳು.

“ಬ್ಯಾಡ. ಆಯಿ ಇಷ್ಟ ಹಾಕತಿದ್ಲು.”

ಅಷ್ಟನ್ನೇ ಗೂಡುಗಳಿಗೆ ಹಾಕಿ, ಆಮೇಲೆ ಜಾಲರಿಗೆ ಹಣೆಯಿಟ್ಟು ಅತ್ತಳು. ಹಿತ್ತಲಲ್ಲಿ ಒದರಾಟ ನಿಂತು ಕೊಕ್ಕುಗಳ ಸದ್ದು ಶುರುವಾಯಿತು.