ಹಸುವಿಗೆ ಹಾಕಿದ ಹನ್ನೆರಡು ರೊಟ್ಟಿ

ಆ ರೊಟ್ಟಿ ಹಸುವಿಗೆಂದು ಮಾಡಿದ್ದಲ್ಲ. ನನಗೆಂದು ಮಾಡಿದ್ದು. ನಾನೇ ಕೇಳಿ ಮಾಡಿಸಿಕೊಂಡದ್ದು. ಈ ಮಾತನ್ನು ಆರು ವರ್ಷದ ಹಿಂದೆ, ಶಿಕಾರಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ನೆಂಟರ ಎದುರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಬೇರೆಯದನ್ನು ಹೇಳಿದೆ — ಅದೂ ಎಷ್ಟು ಸಲೀಸಾಗಿ ಹೇಳಿದೆನೆಂದರೆ, ಆ ಸುಳ್ಳು ಬಹಳ ದಿನದಿಂದ ನನ್ನ ಬಾಯಲ್ಲೇ ವಾಸವಾಗಿತ್ತೇನೋ ಎನ್ನಿಸಬೇಕು.

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಹದ್ದುಬಸ್ತು ಮಾಡಿದವನು. ಅಂದರೆ ಯಾರ ಹೊಲ ಎಲ್ಲಿ ಮುಗಿಯುತ್ತದೆಂದು ಅಳೆದು ಕಲ್ಲು ನೆಡಿಸಿದವನು. ಅಣ್ಣತಮ್ಮಂದಿರು ಎರಡು ಬದಿಯಿಂದ ಬೈದರೂ ಸರಪಳಿಯನ್ನು ಅರ್ಧ ಕೊಂಡಿಯಷ್ಟೂ ಆಚೀಚೆ ಎಳೆಯದವನು ಎಂಬ ಹೆಸರಿತ್ತು. ಆ ಹೆಸರನ್ನು ಊರಿನವರಿಗಿಂತ ನಾನೇ ಹೆಚ್ಚು ಹೇಳಿಕೊಂಡು ತಿರುಗಿದೆ ಎನ್ನುವುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಸುಜಾತಾ ನಮ್ಮ ಸೊಸೆ. ನನ್ನ ಮಗನಿಗೆ ಶಿರಾಳಕೊಪ್ಪದಲ್ಲಿ ಮೆಕ್ಕೆಜೋಳದ ವ್ಯಾಪಾರ. ಸೋಮವಾರ ಅವನಿಗೆ ಲಾರಿ ತುಂಬಿಸುವ ದಿನ, ಊಟ ಅಲ್ಲೇ ಖಾನಾವಳಿಯಲ್ಲಿ. ನನ್ನ ಹೆಂಡತಿಗೆ ಸೋಮವಾರ ಒಪ್ಪೊತ್ತು. ಮಧ್ಯಾಹ್ನ ಉಂಡರೆ ಮುಗಿಯಿತು, ಸಂಜೆಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಮಗಳು ಲತಾ ಆಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಳು. ಹೀಗಾಗಿ ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಹೊಟ್ಟೆಗೆ ಬೇಕಾದವರು ಇಬ್ಬರೇ — ಮಾವ ಮತ್ತು ಸೊಸೆ. ಇಬ್ಬರಿಗಾಗಿ ಅನ್ನ, ಸಾರು, ಪಲ್ಯ ಎಂದು ಹೂಡುವ ಬದಲು, ಸುಜಾತಾ ಫೋನಿನಲ್ಲಿ ನೋಡಿಕೊಂಡು ಮೆಕ್ಸಿಕೋ ದೇಶದ ಅಡುಗೆ ಶುರು ಮಾಡಿದಳು. ಸುಲಭವಂತೆ, ಒಂದು ರೊಟ್ಟಿ, ಒಂದು ಕಾಳು, ಒಂದು ಹಸಿ ಚಟ್ನಿ, ಅಷ್ಟೇ ಅಂತೆ. ಮೆಕ್ಸಿಕೋ ಎಲ್ಲಿದೆಯೆಂದು ನೋಡಲು ನಾನು ಹಳೆಯ ಭೂಪಟ ಬಿಡಿಸಿದೆ. ನನ್ನ ಎರಡು ತಾಲ್ಲೂಕುಗಳ ಹೊರಗಿದೆ ಎಂಬುದಷ್ಟು ಖಚಿತವಾದ ಮೇಲೆ ಮಡಿಸಿಟ್ಟೆ.

ರೊಟ್ಟಿ ಮೆಕ್ಕೆಜೋಳದ್ದು. ತೊಡಕು ಅಲ್ಲೇ. ನಮ್ಮ ಕಡೆ ಮೆಕ್ಕೆಜೋಳಕ್ಕೆ ಹೊಲದಲ್ಲಿರುವ ಮರ್ಯಾದೆ ತಟ್ಟೆಯಲ್ಲಿಲ್ಲ. ಬೆಳೆಯುತ್ತೇವೆ, ಅರ್ಧ ರಸ್ತೆಗೆ ಹರಡಿ ಒಣಗಿಸುತ್ತೇವೆ, ಮಾರುತ್ತೇವೆ. ತಿನ್ನುವುದು ಕೋಳಿ, ದನ. ಎಳೆ ತೆನೆ ಸುಟ್ಟು ತಿನ್ನುವುದು ಬೇರೆ, ಅದು ಬಾಯಿಚಪಲ. ರೊಟ್ಟಿ ಎಂದರೆ ಬಿಳಿಜೋಳ, ಇಲ್ಲವೇ ಅಕ್ಕಿ. ಮೆಕ್ಕೆಜೋಳದ ರೊಟ್ಟಿ ತಟ್ಟುವ ಮನೆ ಗತಿಗೆಟ್ಟ ಮನೆ ಎಂಬುದು ನನ್ನ ತಾಯಿಯ ಕಾಲದ ತೀರ್ಪು. ಅದರ ಮೇಲೆ ಯಾರೂ ಅಪೀಲು ಹೋಗಿರಲಿಲ್ಲ.

ಸುಜಾತಾ ಅಪೀಲು ಹೋದಳು. ಮೊದಲ ವಾರ ಹಿಟ್ಟು ಒಡೆದು ಚೂರಾಯಿತು. ಎರಡನೆಯ ವಾರವೂ. ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಹಾಗೇ ಬೆಳಗಿನವರೆಗೆ ನೆನೆಯಬಿಟ್ಟು, ಸಿಪ್ಪೆ ತೊಳೆದು ರುಬ್ಬಬೇಕೆಂದು ಆಮೇಲೆ ಗೊತ್ತಾಯಿತು. ಸುಣ್ಣಕ್ಕೆ ಏನು ಮಾಡುವುದೆಂದು ಅವಳು ಯೋಚಿಸುತ್ತ ನಿಂತಿದ್ದಾಗ, ನಾನು ಎಲೆಅಡಿಕೆ ಚೀಲದಿಂದ ನನ್ನ ಸುಣ್ಣದ ಡಬ್ಬಿ ತೆಗೆದು, ದೇವಸ್ಥಾನಕ್ಕೆ ಗಂಟೆ ಕೊಡುವವನ ಗಾಂಭೀರ್ಯದಲ್ಲಿ ಮುಂದೆ ಇಟ್ಟೆ. ಒಂದು ಅಡಿಕೆಯಷ್ಟು ತೆಗೆದುಕೊಂಡಳು. ಆ ವಾರ ರೊಟ್ಟಿ ಒಡೆಯಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಸಂಜೆ, ಕಾಳು ಒಲೆಯ ಮೇಲಿಟ್ಟು ಪಡಸಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

“ಮಾವ, ಸುಣ್ಣ.”

ಇಷ್ಟೇ. ಈ ಎರಡು ಮಾತನ್ನು ಮತ್ತೊಮ್ಮೆ ಕೇಳಬೇಕೆಂದು ನಾನು ಎಷ್ಟು ಹಂಬಲಿಸುತ್ತೇನೆಂದರೆ — ಇರಲಿ. ವರದಿ ಮೊದಲು ಮುಗಿಯಲಿ.

ಸೋಮವಾರ ನನಗೂ ಅಡುಗೆಮನೆಯಲ್ಲಿ ಕೆಲಸವಿತ್ತು. ಪ್ಲಾಸ್ಟಿಕ್ ಕವರು ಬಿಡಿಸಿ, ಎರಡು ಪದರದ ನಡುವೆ ಹಿಟ್ಟಿನ ಉಂಡೆಯಿಟ್ಟು ತಟ್ಟೆಯಿಂದ ಒತ್ತುವುದು. ಅಳತೆ ನನ್ನ ಕಸುಬು. ಒಂದು ಬದಿ ಉಬ್ಬಿದರೆ ಮತ್ತೆ ಉಂಡೆ ಕಟ್ಟಿ ಒತ್ತುತ್ತಿದ್ದೆ. “ಕೋರ್ಟಿಗೇನು ಹೋಗಲ್ಲ ಮಾವ ಇದು, ಕೊಡಿ ಇತ್ಲಾಗೆ,” ಎಂದು ನಗುತ್ತ ಕಸಿದುಕೊಂಡು ಕಾವಲಿಗೆ ಹಾಕುತ್ತಿದ್ದಳು. ಬೇಯಿಸಿ ಮಸೆದ ಅಲಸಂದೆ, ಬೆಳ್ಳುಳ್ಳಿ ಜೀರಿಗೆಯ ಒಗ್ಗರಣೆ. ಈರುಳ್ಳಿ, ಟೊಮೆಟೊ, ಹಸಿಮೆಣಸು, ಕೊತ್ತಂಬರಿಗೆ ನಿಂಬೆರಸ. ಮೇಲೊಂದು ಚಮಚ ಗಟ್ಟಿ ಮೊಸರು. ರೊಟ್ಟಿಯನ್ನು ಮಡಿಸಿ, ಮುಂದಕ್ಕೆ ಬಾಗಿ ತಿನ್ನಬೇಕು; ನೆಟ್ಟಗೆ ನಿಂತರೆ ಅಂಗಿಗೂ ಪಾಲು ಹೋಗುತ್ತದೆ. ಎಲೆಯಿಲ್ಲ, ಮಣೆಯಿಲ್ಲ, ಕಾವಲಿಯ ಪಕ್ಕದಲ್ಲಿ ನಿಂತೇ ಊಟ. ತನ್ನ ಓದು ಅರ್ಧಕ್ಕೆ ನಿಂತದ್ದು ಏಕೆಂದು ಅವಳು ಹೇಳಿದ್ದು ಅಲ್ಲೇ. ನನ್ನ ಅಳತೆಯೊಂದು ತಪ್ಪಾಗಿ ಒಬ್ಬ ಮುದುಕ ಎರಡು ಗುಂಟೆ ಕಳೆದುಕೊಂಡದ್ದನ್ನು ನಾನು ಹೇಳಿದ್ದೂ ಅಲ್ಲೇ — ಹೆಂಡತಿಗೂ ಹೇಳಿರಲಿಲ್ಲ. ನನ್ನ ಹೆಂಡತಿ ದೇವರ ಕೋಣೆಯಿಂದ, ಕೋಳಿಕಾಳು ಬೆಂದಿತೇ ಎಂದು ವಿಚಾರಿಸುತ್ತಿದ್ದಳು. ನಾವು ನಗುತ್ತಿದ್ದೆವು.

ಈಗ ಆ ಸೋಮವಾರ.

ಲತಾಳಿಗೆ ಸೊರಬ ತಾಲ್ಲೂಕಿನ ಜಡೆಯಿಂದ ಒಂದು ಸಂಬಂಧ ಬಂದಿತ್ತು. ಅನುಕೂಲಸ್ಥರು. ಬುಧವಾರ ಬಂದು ಮನೆ ನೋಡಿ ಮಾತಾಡುತ್ತೇವೆ ಎಂದಿದ್ದರು. ಬೇರೇನೋ ಕೆಲಸಕ್ಕೆ ಶಿರಾಳಕೊಪ್ಪದವರೆಗೆ ಬಂದವರು, ಇಷ್ಟು ದೂರ ಬಂದಾಯಿತಲ್ಲ ಎಂದು ಸೋಮವಾರ ಸಂಜೆಯೇ ಬಂದು ಕುಳಿತರು — ಹುಡುಗನ ತಂದೆ, ಚಿಕ್ಕಪ್ಪ, ಸೋದರಮಾವ. ಒಳಗೆ ಬುಟ್ಟಿಯಲ್ಲಿ ಹನ್ನೆರಡು ರೊಟ್ಟಿ, ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಆ ವಾರ ಎರಡು ಹೆಚ್ಚಿಗೆ ಮಾಡೆಂದು ಹೇಳಿದವನು ನಾನು. ಹಬೆಯ ವಾಸನೆ ಪಡಸಾಲೆಯವರೆಗೆ ಬಂದಿತ್ತು.

ಹುಡುಗನ ತಂದೆ ಮೂಗು ಅರಳಿಸಿ ಕೇಳಿದರು, “ಏನ್ರೀ ಅದು, ಮೆಕ್ಕೆಜೋಳ ಬೇಯಿಸ್ತಿದ್ದೀರಾ?”

ಸುಜಾತಾ ನೀರಿನ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಒಂದು ಸಣ್ಣ ಉತ್ಸಾಹ ಎದ್ದದ್ದನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಿದರೆ ಈ ಬರಹಕ್ಕೆ ಅರ್ಥವಿಲ್ಲ. ನೋಡಿದೆ.

“ಹಸುಗೆ ರೀ,” ಎಂದೆ. “ಹೊಸದಾಗಿ ಕರು ಹಾಕಿದೆ. ಸುಜಾತಾ, ಆರಿಹೋಗುತ್ತೆ, ಹಾಕಿಬಿಡಮ್ಮ.”

ಸುಳ್ಳು ಹೇಳಿದವನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಹಳೆಯ ಕಾಲದ ನೌಕರ — ಹೇಳಿದ್ದಕ್ಕೆ ಸ್ಥಳದಲ್ಲೇ ಕಲ್ಲು ನೆಡಿಸಿದರೇ ಸಮಾಧಾನ. ಅವಳು ಲೋಟಗಳನ್ನು ಕೆಳಗಿಟ್ಟಳು. ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಪಡಸಾಲೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಒಟ್ಟಿಗೆ ಸುರಿದಿದ್ದರೂ ನನಗೆ ಒಂದಿಷ್ಟು ನೆಮ್ಮದಿ ಇರುತ್ತಿತ್ತು. ಅವಳು ಒಂದೊಂದೇ ರೊಟ್ಟಿ ತೆಗೆದು ಹಸುವಿನ ಬಾಯಿಗೆ ಕೊಟ್ಟಳು. ಹಸು ತಿಂದಿತು. ಅದಕ್ಕೆ ಮೆಕ್ಸಿಕೋದ ಬಗ್ಗೆ ಯಾವ ತಕರಾರೂ ಇರಲಿಲ್ಲ. ನೆಂಟರಿಗೆ ಉಪ್ಪಿಟ್ಟಾಯಿತು. ಅದನ್ನೂ ಅವಳೇ ಮಾಡಿದಳು.

ಸಂಬಂಧ ಕುದುರಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ — ಆ ಸಂಜೆ ನಾನು ಎರಡನ್ನೂ ಒಂದೇ ಮಾತಿನಲ್ಲಿ ಹಚ್ಚಿದ್ದೆ.

ಮುಂದಿನ ಭಾನುವಾರ ಡಬ್ಬಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕುಳಿತೆ. ಅವಳು ಬಾಗಿಲಿಗೆ ಬರಲಿಲ್ಲ. ಸೋಮವಾರ ಮೊಸರವಲಕ್ಕಿ, ತಟ್ಟೆಯಲ್ಲಿ, ಮಣೆ ಹಾಕಿ. “ಬಡಿಸಲಾ ಮಾವ?” ಎಂದಳು, ಮಾತಿನಲ್ಲಿ ಎಳ್ಳಷ್ಟೂ ಹುಳಿಯಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಬಹುಶಃ ಅದಕ್ಕೇ ಅವಳು…

ಇಷ್ಟೇ ಆಗಿದ್ದರೆ, ಮಗಳ ಮದುವೆಯ ಆತಂಕ ಎಂದೊಂದು ಷರಾ ಬರೆದು ಕಡತ ಮುಚ್ಚುತ್ತಿದ್ದೆನೇನೋ. ಆದರೆ ಎರಡನೆಯದೊಂದಿದೆ.

ಎರಡು ವರ್ಷದ ಹಿಂದೆ ಲತಾಳ ಮಗನ ಹುಟ್ಟುಹಬ್ಬಕ್ಕೆ ಜಡೆಗೆ ಹೋಗಿದ್ದೆವು. ಅಳಿಯ ಯಾವುದೋ ಪೊಟ್ಟಣ ತರಿಸಿದ್ದ; ಅರ್ಧಚಂದ್ರದ ಹಾಗೆ ಗರಿಗರಿ ರೊಟ್ಟಿ, ಒಳಗೆ ತುಂಬಿಕೊಂಡು ತಿನ್ನುವುದು. ಬೀಗರು ನನ್ನ ತಟ್ಟೆಗೆ ಎರಡು ಹಾಕಿ, “ತಿನ್ನಿ ಬೀಗ್ರೇ, ಹೊರದೇಶದ್ದು. ನೀವು ಹಸುಗೆ ಹಾಕ್ತೀರಲ್ಲ, ಅದೇ ಮೆಕ್ಕೆಜೋಳ,” ಎಂದರು. ಎಲ್ಲರೂ ನಕ್ಕರು. ಮನೆ ನೋಡುವ ಭಯ ಮುಗಿದಿತ್ತು, ಮಗಳು ಸುಖವಾಗಿದ್ದಳು, ನಿಜ ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಎದುರು ಸಾಲಿನಲ್ಲಿ ಸುಜಾತಾ ಕುಳಿತಿದ್ದಳು. ನಾನು ಹೇಳಿದೆ, “ನಾವೆಲ್ಲಿ ಕಂಡಿದ್ವಿ ರೀ ಇದನ್ನ. ಹುಟ್ಟಿದಾಗಿಂದ ಇಂಥದ್ದು ತಿಂದಿಲ್ಲ.”

ಅವಳು ತಲೆ ಎತ್ತಲಿಲ್ಲ. ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದಳು.

ವಾಪಸು ಬರುವಾಗ ಸೊರಬದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾದು ಕುಳಿತಿದ್ದೆವು. ಹೆಂಡತಿ ಹೂವು ಕೊಳ್ಳಲು ಆಚೆ ಹೋಗಿದ್ದಳು. ಸುಜಾತಾ ರಸ್ತೆಯ ಕಡೆ ನೋಡುತ್ತಲೇ, ಮೆಲ್ಲಗೆ, “ಅದ್ರಲ್ಲಿ ಸುಣ್ಣದ ಹದ ಇರ್ಲಿಲ್ಲ ಅಲ್ವಾ ಮಾವ?” ಎಂದಳು.

ಮುಚ್ಚಿದ ಬಾಗಿಲನ್ನು ಅವಳಾಗಿಯೇ ಒಂದು ಬೆರಳಷ್ಟು ತೆರೆದಿದ್ದಳು. ಹೂಂ ಎಂದಿದ್ದರೆ ಸಾಕಿತ್ತು. ನಾನು ಕಣ್ಣು ಮುಚ್ಚಿ, ಕತ್ತು ವಾಲಿಸಿ, ನಿದ್ದೆ ಬಂದವನಂತೆ ಕುಳಿತೆ. ಸುಜಾತಾ, ನೀನು ಇದನ್ನು ಓದಿದರೆ — ನನಗೆ ಎಚ್ಚರವಿತ್ತು.

ಯಾರೂ ಸತ್ತಿಲ್ಲ, ಯಾರೂ ಊರು ಬಿಟ್ಟಿಲ್ಲ. ಅವಳು ಇದೇ ಮನೆಯಲ್ಲಿದ್ದಾಳೆ; ಹೊತ್ತಿಗೆ ಸರಿಯಾಗಿ ಕಾಫಿ, ಮಾತ್ರೆ, ಬಿಸಿನೀರು. ಹತ್ತು ಹೆಜ್ಜೆ ದೂರದ ಅಡುಗೆಮನೆಗಾಗಿ ಒಬ್ಬ ಮನುಷ್ಯ ಹೀಗೆ ಹಂಬಲಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ನಾಳೆ ಸೋಮವಾರ. ಬೀಗರು ಲತಾಳನ್ನು ಕರೆದುಕೊಂಡು ಬರುತ್ತಿದ್ದಾರೆ. ಇವತ್ತು ಸಂಜೆ ನಾನೇ ಮಗನ ಚೀಲದಿಂದ ಎರಡು ಸೇರು ಮೆಕ್ಕೆಜೋಳ ಅಳೆದು, ತೊಳೆದು, ಒಲೆಯ ಮೇಲಿಟ್ಟೆ. ಸುಜಾತಾ ಒಳಗೆ ಬಂದಳು, ಪಾತ್ರೆ ನೋಡಿದಳು. ಅವಳು ನಿಲ್ಲುತ್ತಿದ್ದ ಹಾಗೆ ನಾನು ಬಾಗಿಲಲ್ಲಿ ನಿಂತು ಡಬ್ಬಿ ಚಾಚಿದೆ.

“ಸುಣ್ಣ ಎಷ್ಟಮ್ಮ?” ಎಷ್ಟೆಂದು ನನಗೆ ಗೊತ್ತಿತ್ತು.

ಅವಳು ಮುಚ್ಚಳ ತೆಗೆದು ನೋಡಿದಳು. ಡಾಕ್ಟರ ಮಾತಿಗೆ ನಾನು ಎಲೆಅಡಿಕೆ ಬಿಟ್ಟು ವರ್ಷ ಕಳೆದಿದೆ. ಒಳಗಿನದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

“ಇದು ಕೆಲಸಕ್ಕೆ ಬರಲ್ಲ ಮಾವ. ಹೊಸದು ತನ್ನಿ.”

ಇದನ್ನು ಕ್ಷಮೆ ಎಂದು ನಾನು ದಾಖಲಿಸುತ್ತಿಲ್ಲ. ಅವಳು ಹೇಳಿದ್ದು ಸುಣ್ಣದ ಮಾತು. ಚಪ್ಪಲಿ ಮೆಟ್ಟಿಕೊಂಡು ಬೀಡಾ ಅಂಗಡಿಗೆ ಹೋದೆ. ಅಂಗಡಿಯವನು ನಕ್ಕು, “ಮತ್ತೆ ಶುರುವಾಯ್ತಾ ಸಾಹೇಬ್ರೆ?” ಎಂದ.

“ಇಲ್ಲ ಕಣಪ್ಪಾ. ನಮ್ಮನೇಲಿ ಮೆಕ್ಕೆಜೋಳದ ರೊಟ್ಟಿ ಮಾಡ್ತಾಳೆ ಸೊಸೆ. ನಾವೇ ತಿನ್ನೋದು.”

ಅವನಿಗೆ ಅದೇನೂ ಬೇಕಾಗಿರಲಿಲ್ಲ, ಪೊಟ್ಟಣ ಕಟ್ಟುತ್ತಿದ್ದ. ಆರು ವರ್ಷ ತಡವಾಗಿ, ತಪ್ಪು ವಿಳಾಸಕ್ಕೆ ಹೇಳಿದೆ. ನಾಳೆ ಅದೇ ಮಾತನ್ನು ಅದೇ ಪಡಸಾಲೆಯಲ್ಲಿ, ಅದೇ ಮನುಷ್ಯರ ಎದುರಿಗೆ, ಅವಳಿಗೆ ಕೇಳಿಸುವ ಹಾಗೆ ಹೇಳುತ್ತೇನೆ. ಅವಳು ಕಾವಲಿಯ ಮುಂದೆ ಬಂದು ನಿಲ್ಲದಿದ್ದರೆ ರೊಟ್ಟಿ ನಾನೇ ಬೇಯಿಸುತ್ತೇನೆ. ಒಡೆದು ಚೂರಾದರೆ ಆ ಚೂರನ್ನೇ ಬೀಗರಿಗೆ ಬಡಿಸುತ್ತೇನೆ. ಹಸುವಿಗೆ ಹುಲ್ಲು ಹಾಕಿ ಬಂದಿದ್ದೇನೆ.