ಮೂರು-ಆರು-ಒಂಬತ್ತರ ತೈಪಿಂಗ್

ನಮ್ಮ ಅಂಚೆ ಕಚೇರಿಯಲ್ಲಿ ವಿಳಾಸ ಸರಿಯಿಲ್ಲದ ಕಾಗದಗಳಿಗೆಂದು ಒಂದು ಬಿದಿರಿನ ಬುಟ್ಟಿ ಇತ್ತು. ನಾವೆಲ್ಲ ಅದನ್ನು ಸತ್ತ ಕಾಗದಗಳ ಬುಟ್ಟಿ ಎನ್ನುತ್ತಿದ್ದೆವು. ಕೌ ಯುಚಿಂಗ್ ಎಂಬ ಹೆಂಗಸು ಇಪ್ಪತ್ತಾರು ವರ್ಷ ಆ ಬುಟ್ಟಿಯ ಪಕ್ಕದಲ್ಲೇ ಕೂತು ಕೆಲಸ ಮಾಡಿದಳು. ನಾನು ಅವಳ ಎದುರಿನ ಮೇಜಿನವನು, ತಾನ್ ಅಂತ. ನನಗೆ ಮೂವತ್ತಮೂರಾಗಿ ಮಗಳು ಶಾಲೆಗೆ ಹೋಗುತ್ತಿದ್ದರೂ ಕೌ ಅಕ್ಕನ ಬಾಯಲ್ಲಿ ನಾನು ಮರಿ ತಾನ್. ಅವಳ ಬಗ್ಗೆ ಬರೆಯಬೇಕೆಂದರೆ ನಾನು ಮಾಡಿದ ಒಂದು ತಪ್ಪನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ವರ್ಷ ಮುಂದೂಡುತ್ತಾ ಬಂದೆ.

ಅವಳಪ್ಪ ಸೂಜಿ, ನೂಲು, ಗುಂಡಿ ಮಾರುತ್ತಾ ಸಂತೆಯಿಂದ ಸಂತೆಗೆ ತಿರುಗುತ್ತಿದ್ದವನು. ತಾಯಿ ಇಲ್ಲದ ಮಗುವನ್ನು ಎಲ್ಲಿ ಬಿಡುವುದು? ಕಾವಡಿಯ ಒಂದು ಬುಟ್ಟಿಯಲ್ಲಿ ಸರಕು, ಇನ್ನೊಂದರಲ್ಲಿ ಇವಳು. ಹೀಗೆ ತೂಗಾಡಿಕೊಂಡೇ ಅವಳು ನಮ್ಮ ಸಿಚುಆನ್ ಪ್ರಾಂತ್ಯದ ಅರ್ಧ ಊರುಗಳನ್ನು ನೋಡಿದಳು. ಅಪ್ಪನಿಗೆ ಊರಿನ ಹೆಸರಿನ ಮೇಲೆ ನಂಬಿಕೆ ಇರಲಿಲ್ಲವಂತೆ. "ಹೆಸರು ಯಾರು ಬೇಕಾದ್ರೂ ಇಟ್ಕೋಬಹುದು ಮಗಳೇ, ಸಂತೆ ದಿನ ಕೇಳು" ಎನ್ನುತ್ತಿದ್ದನಂತೆ. ಅಕ್ಕಪಕ್ಕದ ಊರುಗಳು ಒಂದೇ ದಿನ ಸಂತೆ ಮಾಡಿದರೆ ಯಾರಿಗೂ ವ್ಯಾಪಾರವಿಲ್ಲ. ಅದಕ್ಕೇ ಚಾಂದ್ರಮಾನದ ತಾರೀಖುಗಳನ್ನು ಹಂಚಿಕೊಳ್ಳುತ್ತಾರೆ. ಒಂದು ಊರಿಗೆ ಒಂದು-ನಾಲ್ಕು-ಏಳರಲ್ಲಿ ಮುಗಿಯುವ ತಾರೀಖುಗಳು, ಪಕ್ಕದ ಊರಿಗೆ ಎರಡು-ಐದು-ಎಂಟು, ಅದರಾಚೆಯದಕ್ಕೆ ಮೂರು-ಆರು-ಒಂಬತ್ತು.

ಹೆಸರಿನ ವಿಷಯದಲ್ಲಿ ನಮ್ಮವರದ್ದು ಬಲು ಜಿಪುಣತನ. ಹೊಸ ಸೇತುವೆ ಕಟ್ಟಿದಲ್ಲೆಲ್ಲ ಊರಿನ ಹೆಸರು ಕಲ್ಲುಸೇತುವೆ. ದರೋಡೆ, ದಂಗೆ, ಪ್ರವಾಹಗಳಿಂದ ಬೆಂದು ಹೋದಲ್ಲೆಲ್ಲ ತೈಪಿಂಗ್, ಅಂದರೆ ಮಹಾಶಾಂತಿ. ಇಲ್ಲದ್ದನ್ನೇ ತಾನೇ ಜನ ಹೆಸರಿಟ್ಟು ಕರೆಯುವುದು! ಕೌ ಅಕ್ಕನ ನೀಲಿ ರಟ್ಟಿನ ಪುಸ್ತಕದಲ್ಲಿ ನಮ್ಮ ಪ್ರಾಂತ್ಯವೊಂದರ ತೈಪಿಂಗ್‌ಗಳೇ ಮೂವತ್ತೊಂದಿದ್ದವು, ಒಂದೊಂದರ ಎದುರೂ ಅದರ ಸಂತೆಯ ದಿನ. ಅಪ್ಪನ ಜೊತೆ ನೋಡದ ಊರುಗಳದ್ದನ್ನು ಬಸ್ಸಿನ ಡ್ರೈವರುಗಳನ್ನು, ಹಂದಿ ವ್ಯಾಪಾರಿಗಳನ್ನು ಕಾಡಿಸಿ ಬೇಡಿ ಬರೆದುಕೊಂಡಿದ್ದಳು. ಕಚೇರಿಯಲ್ಲಿ ನಾವು ನಗುತ್ತಿದ್ದೆವು. ನಾನಂತೂ ಅವಳನ್ನು ಸಂತೆಯಮ್ಮ ಎಂದೇ ಆಡಿಕೊಳ್ಳುತ್ತಿದ್ದೆ.

ಸಾವಿರದ ಒಂಬೈನೂರ ಎಂಬತ್ತೆಂಟರ ಚಳಿಗಾಲಕ್ಕೆ ಮುಂಚೆ ತೈವಾನ್‌ನಿಂದ ಕಾಗದಗಳು ಬರತೊಡಗಿದವು. ನಲವತ್ತು ವರ್ಷದ ಹಿಂದೆ ಸೋತ ಸೈನ್ಯದ ಜೊತೆ ಕಡಲು ದಾಟಿ ಹೋದವರು, ದಾರಿ ತೆರೆದದ್ದೇ ತಡ, ಹಾಂಗ್‌ಕಾಂಗ್‌ನಲ್ಲಿದ್ದವರ ಕೈಯಲ್ಲಿ ಮನೆಗೆ ಕಾಗದ ಹಾಕಿಸುತ್ತಿದ್ದರು. ಅವುಗಳಲ್ಲಿ ಒಂದರ ಮೇಲೆ ಇದ್ದದ್ದು ಇಷ್ಟೇ: "ಸಿಚುಆನ್, ತೈಪಿಂಗ್ ಸಂತೆ, ಪಾಂಗ್‌ರ ಓಣಿ, ಅಕ್ಕ ಪಾಂಗ್ ಶಾವ್‌ಶ್ಯೂಗೆ." ಜಿಲ್ಲೆಯ ಹೆಸರಿಲ್ಲ. ಲಕೋಟೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: "ಅಂಚೆಯಣ್ಣಂದಿರೇ, ಆಗ ನನಗೆ ಹದಿನೈದು, ಓದು ಬರುತ್ತಿರಲಿಲ್ಲ, ಜಿಲ್ಲೆ ಯಾವುದೋ ತಿಳಿಯದು. ನಲವತ್ತು ವರ್ಷದ ಹಿಂದಿನ ಇಲಿಯ ವರ್ಷ, ಹತ್ತನೇ ತಿಂಗಳು ಹದಿಮೂರು, ಸಂತೆಯ ದಿನ ಕಿತ್ತಳೆ ಮಾರಲು ಹೋದವನನ್ನು ಸೈನ್ಯದವರು ಹಿಡಿದೊಯ್ದರು. ಈ ಕಾಗದ ಹಿಂದಿರುಗಿದರೆ ಅಕ್ಕ ಇಲ್ಲವೆಂದುಕೊಳ್ಳುತ್ತೇನೆ. ಮತ್ತೆ ಬರೆಯುವುದಿಲ್ಲ."

ನಾಲ್ಕು ಊರಿನ ಕಚೇರಿಗಳು ಅದಕ್ಕೆ 'ಇಂಥವರಿಲ್ಲ' ಎಂಬ ಚೀಟಿ ಅಂಟಿಸಿ ಸಾಗಹಾಕಿದ್ದವು. ಐದನೆಯ ಚೀಟಿ ನನ್ನದು. ನಮ್ಮ ಜಿಲ್ಲೆಯಲ್ಲೂ, ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಒಂದು ತೈಪಿಂಗ್ ಇದೆ. ಅಲ್ಲಿಗೆ ಫೋನು ಮಾಡಿ ಕೇಳಿದೆ. ಪಾಂಗ್‌ರ ಓಣಿ ಎಂಬುದೇ ಇಲ್ಲ ಎಂದರು. ಚೀಟಿ ಅಂಟಿಸಿ ಬುಟ್ಟಿಗೆ ಹಾಕಿದೆ. ತಿಂಗಳು ಮುಗಿದರೆ ಕಾಗದ ಹಿಂದಕ್ಕೆ, ಅದು ನಿಯಮ.

ಕೌ ಅಕ್ಕ ಅದನ್ನು ಎತ್ತಿಕೊಂಡು ಹಿಂಬದಿ ಓದಿದಳು. "ಮರಿ ತಾನ್, ಹದಿಮೂರನೇ ತಾರೀಖು ಸಂತೆ ಅಂದ್ರೆ ಮೂರು-ಆರು-ಒಂಬತ್ತರ ತೈಪಿಂಗ್. ನಮ್ಮದು ಒಂದು-ನಾಲ್ಕು-ಏಳು. ಇದು ನಮ್ಮದಲ್ಲ ಬಿಡು."

"ನಾನೂ ಅದನ್ನೇ ಅಲ್ವಾ ಹೇಳಿದ್ದು?"

"ನೀನು ಫೋನಲ್ಲಿ ಕೇಳಿ ಹೇಳಿದೆ, ಸೋಮಾರಿ."

ಅವಳ ಪುಸ್ತಕದಲ್ಲಿ ಮೂರು-ಆರು-ಒಂಬತ್ತರ ತೈಪಿಂಗ್‌ಗಳು ಒಂಬತ್ತಿದ್ದವು. ಒಂಬತ್ತೂ ಊರಿನ ಅಂಚೆಯವರಿಗೆ ತಾನೇ ಕಾಗದ ಬರೆದಳು. ದಿನಗಳು ಕಳೆದಂತೆ ಒಂದೊಂದಾಗಿ ಉತ್ತರ ಬಂತು: ಇಲ್ಲ, ಇಲ್ಲ, ಇಲ್ಲ. ಒಂಬತ್ತನೆಯ 'ಇಲ್ಲ' ಬಂದಾಗ ಗುರುವಾರ. ಶನಿವಾರ ಕಾಗದ ಹಿಂದಕ್ಕೆ ಹೋಗಬೇಕು. ಆವತ್ತು ಅವಳು ಊಟದ ಡಬ್ಬಿ ಬಿಚ್ಚಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಚೇರಿಯ ಗೋಡೆ ಪಕ್ಕ ಯೋಂಗ್ ತಾತನ ಕುರ್ಚಿಯಲ್ಲಿ ಕೂತು ನಾನು ಗಡ್ಡ ಮಾಡಿಸಿಕೊಳ್ಳುತ್ತಿದ್ದೆ. ತಾತ ನಮ್ಮ ಜಿಲ್ಲೆಯ ತೈಪಿಂಗ್‌ನವನು, ದಿನಾ ಮೊದಲ ಬಸ್ಸಿಗೆ ಬಂದು ಕ್ಷೌರ ಮಾಡಿ ಹೋಗುತ್ತಿದ್ದ. ಕೌ ಅಕ್ಕ ಬಂದು ನನ್ನ ಮುಂದೆ ನಿಂತು ಗೋಳಾಡತೊಡಗಿದಳು. ಮುಖದ ತುಂಬ ಸಾಬೂನು ಮೆತ್ತಿಕೊಂಡೇ ನಾನು ಬಾಯಿ ತೆರೆದೆ.

"ಸಾಕು ಬಿಡಕ್ಕಾ. ನಮ್ಮ ತೈಪಿಂಗ್ ಒಂದು-ನಾಲ್ಕು-ಏಳು, ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ನೀನೇ ಹೇಳಿದ್ದೆ" ಎಂದೆ.

ಯೋಂಗ್ ತಾತನ ಕತ್ತಿ ನನ್ನ ಗಂಟಲ ಮೇಲೇ ನಿಂತಿತು. "ಒಂದು-ನಾಲ್ಕು-ಏಳಾ? ಅದು ಈಗಿನ ಮಾತು! ನಮ್ಮಜ್ಜನ ಕಾಲದಿಂದ ನಮ್ಮದು ಮೂರು-ಆರು-ಒಂಬತ್ತು. ನಡುವೆ ಸರ್ಕಾರದವರು ಸಂತೇನೇ ಬಂದ್ ಮಾಡಿಸಿದ್ರಲ್ಲ, ತಿರುಗಾ ಶುರುವಾಗೋ ಹೊತ್ತಿಗೆ ಹೊಳೆಯಾಚೆಯವರು ನಮ್ಮ ದಿನಾನ ನುಂಗಿ ನೀರು ಕುಡಿದುಬಿಟ್ರು."

ಕೌ ಅಕ್ಕ ಹಣೆ ಚಚ್ಚಿಕೊಂಡಳು. "ಎಂಥ ಪೆದ್ದಿ ನಾನು! ನಲವತ್ತು ವರ್ಷದ ಹಿಂದಿನ ಸಂತೇನ ಇವತ್ತಿನ ಪುಸ್ತಕದಲ್ಲಿ ಹುಡುಕ್ತಾ ಕೂತಿದೀನಿ. ತಾತ, ನಿಮ್ಮೂರಲ್ಲಿ ಪಾಂಗ್‌ರ ಓಣಿ ಇತ್ತಾ?"

"ಇತ್ತಲ್ಲ. ಈಗ ಅದು ವಿಜಯ ಓಣಿ. ಪಾಂಗ್‌ರ ಪೈಕಿ ಒಬ್ಬ ಹೆಣ್ಣುಮಗಳು ಇದ್ದಾಳೆ, ಗುಡ್ಡದ ಮೇಲೆ, ಲಾಂಗ್‌ರ ಮನೆಗೆ ಸೊಸೆಯಾಗಿ ಹೋದೋಳು." ತಾತ ದನಿ ತಗ್ಗಿಸಿದ. "ಪಾಪಿ ಹೆಂಗಸು ಕಣಮ್ಮ. ಸಂತೆಯಲ್ಲಿ ಗಂಡಸರನ್ನ ಹಿಡಿದು ಸೈನ್ಯಕ್ಕೆ ತುಂಬ್ತಿದ್ದ ಕಾಲ. ಅವತ್ತು ಸಂತೆಗೆ ಹೋಗಬೇಕಾಗಿದ್ದೋನು ಅವಳ ಗಂಡ. ಅವನ ಬದಲು ತಮ್ಮನ್ನ ಕಳಿಸಿದಳು. ಗಂಡನ್ನ ಉಳಿಸಿಕೊಂಡು ತಮ್ಮನ್ನ ಕೊಟ್ಟಳು ಅಂತ ಊರು ಇವತ್ತಿಗೂ ಆಡಿಕೊಳ್ಳುತ್ತೆ. ಗಂಡ ಸತ್ತು ಹತ್ತು ವರ್ಷ ಆಯ್ತು, ಆ ಮಾತು ಸತ್ತಿಲ್ಲ."

ಅರ್ಧ ಬೋಳಿಸಿದ ಮುಖ ಒರೆಸಿಕೊಂಡು ನಾನೂ ಕೌ ಅಕ್ಕನ ಹಿಂದೆ ಬಸ್ಸು ಹತ್ತಿದೆ. ನನ್ನ ಕೈಯಲ್ಲೇ ಅಂಟಿಸಿದ ಚೀಟಿ ದಾರಿಯುದ್ದಕ್ಕೂ ಅವಳ ತೊಡೆಯ ಮೇಲಿನ ಲಕೋಟೆಯಲ್ಲಿ ಕಾಣುತ್ತಿತ್ತು. ನಾಚಿಕೆಯಿಂದ ಸತ್ತೆ ಎಂದರೂ ತಪ್ಪಿಲ್ಲ. ಇವಳಿಲ್ಲದಿದ್ದರೆ ಇಪ್ಪತ್ತು ಕಿಲೋಮೀಟರ್ ದೂರದ ಮನೆಗೆ ಬಂದ ಕಾಗದವನ್ನು ನಾನು ಕಡಲಾಚೆಗೆ ಹಿಂದಿರುಗಿಸುತ್ತಿದ್ದೆ.

ಗುಡ್ಡದ ಮನೆಯಂಗಳದಲ್ಲಿ ಪಾಂಗ್ ಅಜ್ಜಿ ಉಪ್ಪಿನಕಾಯಿಗೆಂದು ಸಾಸಿವೆ ಸೊಪ್ಪನ್ನು ಹಗ್ಗದ ಮೇಲೆ ಹರವುತ್ತಿದ್ದಳು. ಸೊಸೆ ಮೊಮ್ಮಗಳ ತಲೆ ಬಾಚುತ್ತಿದ್ದಳು. ಕೌ ಅಕ್ಕ ಲಕೋಟೆಯ ಎರಡೂ ಬದಿ ಓದಿ ಹೇಳಿದಳು. ಅಜ್ಜಿ ಹತ್ತಿರಕ್ಕೂ ಬರಲಿಲ್ಲ.

"ನನಗೆ ಕಾಗದ ಬರೆಯೋರು ಯಾರೂ ಇಲ್ಲ. ತೈಪಿಂಗ್‌ಗಳು ಜಿಲ್ಲೆಗೊಂದು ಇವೆ. ಅಲ್ಲೂ ಪಾಂಗ್‌ರು ಇರ್ತಾರೆ, ಅಲ್ಲೂ ತಮ್ಮಂದಿರನ್ನ ಹಿಡ್ಕೊಂಡು ಹೋಗಿರ್ತಾರೆ. ಯಾರದ್ದೋ ತಮ್ಮನ್ನ ನನಗ್ಯಾಕೆ ಕೊಡ್ತೀಯಮ್ಮ?"

"ಒಡೆದು ಓದ್ತೀನಿ ಅಜ್ಜಿ. ನಿಮ್ಮದಲ್ಲ ಅನ್ನಿಸಿದ್ರೆ ಮಡಚಿ ತಗೊಂಡು ಹೋಗ್ತೀನಿ."

ಅಜ್ಜಿ ಇನ್ನೊಂದು ಹಿಡಿ ಸೊಪ್ಪು ಹರವಿ, ಓದು ಎಂಬಂತೆ ತಲೆಯಾಡಿಸಿದಳು. ಕೌ ಅಕ್ಕ ಕಾಗದ ಬಿಡಿಸಿ, ಮೇಲೆ ಬರೆದಿದ್ದ ಅವನ ಈಗಿನ ವಿಳಾಸ ಓದಲು ಹೋಗಿ ತಡೆದು ನಿಂತಳು. ನನ್ನ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ತೈವಾನ್, ತೈಚುಂಗ್ ಜಿಲ್ಲೆ, ತೈಪಿಂಗ್. ಕಡಲಿನಾಚೆಯೂ ಜನ ಅದನ್ನೇ ಬೇಡಿಕೊಂಡು ಊರಿಗೆ ಹೆಸರಿಟ್ಟಿದ್ದಾರೆ, ಈ ಹುಡುಗ ಹೋಗಿ ಹೋಗಿ ಅಲ್ಲಿಯೇ ನೆಲೆಸಿದ್ದಾನೆ. ಈ ನೆಲ ಎಷ್ಟು ದೊಡ್ಡದು, ನಮ್ಮ ಜನರ ಆಸೆ ಎಷ್ಟು ಚಿಕ್ಕದು ಎಂದು ಆ ಅಂಗಳದಲ್ಲಿ ನಿಂತು ಬೆರಗಾದೆ. ಅದನ್ನೆಲ್ಲ ಬೆರಳ ತುದಿಯಲ್ಲಿಟ್ಟುಕೊಂಡಿದ್ದ ಹೆಂಗಸನ್ನು ಸಂತೆಯಮ್ಮ ಎಂದು ನಕ್ಕಿದ್ದ ನಾನೆಂಥವನು!

ಕೌ ಅಕ್ಕ ಓದಿದಳು: "ಅಕ್ಕಾ, ನಾನು ಬದುಕಿದ್ದೇನೆ. ಅವತ್ತು ನೀನು ಸಂತೆಗೆ ಹೋಗಬೇಡ ಅಂತ ಬಾಗಿಲಿಗೆ ಅಡ್ಡ ನಿಂತೆ. ಭಾವ ಹೋಗುತ್ತಾರೆ ಅಂದೆ. ನಾನೇ ಬೊಂಬೆಯಾಟ ನೋಡುವ ಆಸೆಗೆ ಬುಟ್ಟಿ ಕಿತ್ತುಕೊಂಡು ಓಡಿದೆ. ನಿನ್ನ ಮಾತು ಮೀರಿದ್ದಕ್ಕೆ ಅನುಭವಿಸಿದೆ. ತಪ್ಪು ನನ್ನದು. ಊರಿನವರಿಗೆಲ್ಲ ಇದನ್ನು ಓದಿ ಹೇಳಿಸು."

ಸೊಸೆ ಬಾಚಣಿಗೆ ಬಿಸಾಡಿ ಓಡಿ ಬಂದಳು. "ಅತ್ತೆ, ಕೇಳಿದ್ರಾ? ನೀವು ಕಳಿಸಿಲ್ಲ! ಅವರಾಗೇ ಹೋಗಿದ್ದು! ಈಗಲೇ ಹೋಗಿ ಓಣಿ ತುಂಬಾ ಸಾರ್ತೀನಿ!"

ಪಾಂಗ್ ಅಜ್ಜಿ ಅವಳ ತೋಳು ಹಿಡಿದು ನಿಲ್ಲಿಸಿದಳು. ಕಣ್ಣೀರು ಗಲ್ಲದವರೆಗೆ ಇಳಿದಿತ್ತು, ಆದರೂ ನಗುತ್ತಿದ್ದಳು.

"ನಾನೇ ಕಣೇ ಕಳಿಸಿದ್ದು. ಒಲ್ಲೆ ಒಲ್ಲೆ ಅಂತಿದ್ದೋನ ಹೆಗಲ ಮೇಲೆ ಬುಟ್ಟಿ ಎತ್ತಿಟ್ಟೋಳೂ ನಾನೇ. ಅವತ್ತು ಯಾವ ಬೊಂಬೆಯಾಟಾನೂ ಇರಲಿಲ್ಲ." ಸೊಪ್ಪಿನ ಕೈಯನ್ನು ಎದೆಗೆ ಒರೆಸಿಕೊಂಡು ಕೌ ಅಕ್ಕನ ಪಕ್ಕ ಬಂದು ಕೂತಳು. "ಚಿಕ್ಕೋನಿದ್ದಾಗ್ಲೂ ಹೀಗೇ. ನಾನು ಬೆಲ್ಲ ಕದಿಯೋಳು, ಅವನು ಒಪ್ಕೊಂಡು ಏಟು ತಿನ್ನೋನು. ಇವನು ನನ್ನ ತಮ್ಮನೇ ಕಣಮ್ಮ, ಬೇರೆ ಯಾರೂ ಅಲ್ಲ. ಇನ್ನೊಂದ್ಸಲ ಓದು. ಆ ಸುಳ್ಳಿಂದಾನೇ ಶುರು ಮಾಡು."